ರೆಕ್ಕೆಗೆ ಗಾಜಿನ ಬಟ್ಟೆ ಹೊದಿಸುವಾಗ

ಗ್ಯಾರೇಜಿನಲ್ಲಿ ಲಾಂಗ್-ಈಜಿ ವಿಮಾನ ಕಟ್ಟುವವರು ರೆಕ್ಕೆಯ ಹಂತಕ್ಕೆ ಬಂದಾಗ ನನ್ನನ್ನು ಕರೆಯುತ್ತಾರೆ. ಬರ್ಟ್ ರುಟಾನ್ ಕ್ಯಾಲಿಫೋರ್ನಿಯಾದ ಮೊಹಾವಿಯಲ್ಲಿ ರೂಪಿಸಿದ ಈ ವಿಮಾನ ಮೊದಲು ಹಾರಿದ್ದು 1979ರಲ್ಲಿ. ನಕ್ಷೆಗಳ ಮಾರಾಟ 1985ರಲ್ಲೇ ನಿಂತಿತು, ಕಟ್ಟುವವರು ನಿಂತಿಲ್ಲ. ಇದಕ್ಕೆ ಅಚ್ಚು ಬೇಡ. ನೀಲಿ ಫೋಮ್ ಅನ್ನು ಬಿಸಿ ತಂತಿಯಲ್ಲಿ ರೆಕ್ಕೆಯ ಆಕಾರಕ್ಕೆ ಕೊಯ್ದು, ಮೇಲೆ ಫೈಬರ್‌ಗ್ಲಾಸ್ ಬಟ್ಟೆ ಹಾಕಿ ಎಪಾಕ್ಸಿಯಲ್ಲಿ, ಅಂದರೆ ಕಲಸಿದ ಮೇಲೆ ಗಟ್ಟಿಯಾಗುವ ಅಂಟು ರೆಸಿನ್‌ನಲ್ಲಿ, ನೆನೆಸಬೇಕು. ಅಗ್ಗ ಅಂತ ಪಾಲಿಯೆಸ್ಟರ್ ರೆಸಿನ್ ತಂದರೆ ಆ ಫೋಮ್ ಕಣ್ಣೆದುರೇ ಕರಗಿಹೋಗುತ್ತದೆ.

ಬಟ್ಟೆ ಹಾಕುವ ಮೊದಲು ಫೋಮ್ ತಿರುಚಿಲ್ಲ ಅಂತ ಎರಡು ಸಲ ಅಳೆಯಿರಿ. ಎಪಾಕ್ಸಿ ಗಟ್ಟಿಯಾದ ಮೇಲೆ ಇದ್ದ ಡೊಂಕು ಇದ್ದಂತೆಯೇ ಉಳಿಯುತ್ತದೆ.

ಹೊಸಬರು ಎಡವುವುದು ರೆಸಿನ್ ಅಳತೆಯಲ್ಲಿ. ಜಾಸ್ತಿ ಸುರಿದರೆ ಗಟ್ಟಿ ಅಂತ ನಂಬುತ್ತಾರೆ. ಭಾರ ಹೊರುವುದು ಗಾಜಿನ ಎಳೆ. ರೆಸಿನ್ ಆ ಎಳೆಗಳನ್ನು ಒಟ್ಟಿಗೆ ಹಿಡಿದಿಡುತ್ತದೆ, ಅಷ್ಟೇ. ಹೆಚ್ಚಾದದ್ದೆಲ್ಲ ವಿಮಾನ ಜೀವಮಾನವಿಡೀ ಹೊತ್ತು ಹಾರಬೇಕಾದ ತೂಕ. ನಾನು ಮಾಡಿದ ಮೊದಲ ತುಣುಕು ಹೀಗೇ ಕನ್ನಡಿಯಂತೆ ಹೊಳೆಯುತ್ತಿತ್ತು. ತೂಗಿ ನೋಡಿ ಕಿತ್ತೆಸೆದೆ. ಈಗ ಬಟ್ಟೆಯನ್ನು ಮೊದಲೇ ತೂಗುತ್ತೇನೆ. ಅದರ ತೂಕಕ್ಕಿಂತ ಹೆಚ್ಚು ರೆಸಿನ್ ಒಳಗೆ ಉಳಿಯಬಾರದು. ಕಲಸುವುದೂ ಸಣ್ಣ ಕಪ್ಪಿನಲ್ಲಿ, ಸ್ವಲ್ಪ ಸ್ವಲ್ಪವೇ. ಒಂದೇ ಸಲ ತುಂಬ ಕಲಸಿಟ್ಟರೆ ತಾನೇ ಕಾದು ಹೊಗೆಯಾಡುತ್ತದೆ.

ಫೋಮ್ ಮೇಲೆ ಮೊದಲು ಮೈಕ್ರೋ ಸವರಬೇಕು. ಎಪಾಕ್ಸಿಗೆ ಗಾಜಿನ ಟೊಳ್ಳು ಗುಂಡುಗಳ ಪುಡಿ ಬೆರೆಸಿ, ದೋಸೆ ಹಿಟ್ಟಿನ ಹದಕ್ಕೆ ಕಲಸಿದ್ದು. ಇದು ಫೋಮಿನ ರಂಧ್ರಗಳನ್ನು ಮುಚ್ಚುತ್ತದೆ. ಇಲ್ಲದಿದ್ದರೆ ಬರೀ ರೆಸಿನ್ ಅಲ್ಲಿ ಇಳಿದು ಕೂರುತ್ತದೆ. ಆಮೇಲೆ ಬಟ್ಟೆ ಹಾಸಿ, ರೆಸಿನ್ ಸುರಿದು, ಸ್ಕ್ವೀಜಿ ಎಂಬ ಚಪ್ಪಟೆ ಪಟ್ಟಿಯಲ್ಲಿ ಅದನ್ನು ನಡುವಿನಿಂದ ಅಂಚಿನತ್ತ ಎಳೆಯಿರಿ. ಬಿಳಿ ಬಟ್ಟೆ ನೆನೆದಂತೆ ಪಾರದರ್ಶಕವಾಗುತ್ತದೆ, ಕೆಳಗಿನ ಬಣ್ಣ ಕಾಣುತ್ತದೆ. ಎಲ್ಲಾದರೂ ಬಿಳಿ ಚುಕ್ಕೆ ಉಳಿದರೆ ಅಲ್ಲಿ ಗಾಳಿ ಇದೆ ಅಥವಾ ಬಟ್ಟೆ ನೆನೆದಿಲ್ಲ. ಸ್ಕ್ವೀಜಿಯ ಮುಂದೆ ರೆಸಿನ್ ಅಲೆಯಂತೆ ಉರುಳಿ ಬಂದರೆ ಇನ್ನೂ ತೆಗೆಯಬೇಕು. ನೇಯ್ಗೆಯ ಎಳೆ ಸ್ಪಷ್ಟವಾಗಿ ಕಾಣುತ್ತ, ಮೇಲೆ ರೆಸಿನ್ ಕೊಚ್ಚೆಯಂತೆ ನಿಲ್ಲದಿದ್ದರೆ ಹದ ಸರಿ. ಎಳೆಯುವಾಗ ಒತ್ತಡ ಮಾತ್ರ ಹಗುರವಾಗಿರಲಿ. ಎಳೆ ಸೊಟ್ಟಗಾದರೆ ಬಲವೂ ಹೋಯಿತು.

ಅಂಚು ಕತ್ತರಿಸಲು ಒಂದು ಗಳಿಗೆ ಇದೆ. ಕೆಲವು ಗಂಟೆ ಕಳೆದು ಬಟ್ಟೆ ಚರ್ಮದಂತಾದಾಗ ಚೂಪಾದ ಬ್ಲೇಡಿಗೆ ಸುಲಭವಾಗಿ ಕೊಯ್ಯುತ್ತದೆ. ಆ ಹೊತ್ತು ತಪ್ಪಿದರೆ ಗರಗಸವೇ ಗತಿ. ನನಗಂತೂ ಇಡೀ ಕೆಲಸದಲ್ಲಿ ಇಷ್ಟವಾದ ಹೊತ್ತು ಇದು.

ಕೈಗವಸು ಕಡ್ಡಾಯ. ಎಪಾಕ್ಸಿ ಅಲರ್ಜಿ ಒಮ್ಮೆ ಹತ್ತಿದರೆ ಬಿಡುವುದಿಲ್ಲ, ಆಮೇಲೆ ಈ ಕೆಲಸದ ಹತ್ತಿರ ಸುಳಿಯುವುದೂ ಕಷ್ಟ. ಮರಳು ಕಾಗದ ತಿಕ್ಕುವಾಗ ಮಾಸ್ಕ್ ಹಾಕಿ, ಗಾಜಿನ ಎಳೆಯನ್ನು ತಿಕ್ಕಿ ಸವೆಸಬೇಡಿ. ಬಣ್ಣ ಬಿಳಿಯೇ ಇರಲಿ. ಬಿಸಿಲಲ್ಲಿ ಗಾಢ ಬಣ್ಣ ಕಾದು ಎಪಾಕ್ಸಿ ಮೆತ್ತಗಾಗುತ್ತದೆ.

ಪೂರ್ತಿ ಗಟ್ಟಿಯಾದ ಮೇಲೆ ಒಂದು ನಾಣ್ಯ ಹಿಡಿದು ರೆಕ್ಕೆಯನ್ನು ಅಂಗೈ ಅಗಲದಷ್ಟು ಅಂತರದಲ್ಲಿ ತಟ್ಟುತ್ತಾ ಹೋಗಿ. ಟಕ್ ಟಕ್ ಅಂದರೆ ಸರಿ. ದಬ್ ಅಂತ ಮಂಕಾಗಿ ಕೇಳಿದರೆ ಅಲ್ಲಿ ಬಟ್ಟೆ ಅಂಟಿಲ್ಲ. ಸುತ್ತ ಪೆನ್ಸಿಲ್ ಗೆರೆ ಎಳೆದು, ಬಣ್ಣ ಹಚ್ಚುವ ಮೊದಲೇ ಸರಿಪಡಿಸಿ.