ಯಾವುದರಲ್ಲಿ ಅರವತ್ತು? ಅಂಗನವಾಡಿ ಅನುದಾನದ ಟಿಪ್ಪಣಿ

ಮೇಲ್ವಿಚಾರಕಿ ಹುದ್ದೆಯ ಪರೀಕ್ಷೆಗೆ ಓದುತ್ತಿರುವವರಿಗಾಗಿ. ಐಸಿಡಿಎಸ್ (ಅಂಗನವಾಡಿಗಳ ಮೂಲವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಶುರುವಾದ ದಿನ, ಆರು ಸೇವೆಗಳ ಪಟ್ಟಿ ಎಲ್ಲ ಗೈಡುಗಳಲ್ಲೂ ಇವೆ, ಇಲ್ಲಿ ಬಿಟ್ಟಿದ್ದೇನೆ. ಅಂಕ ಹೋಗುವುದು ಹಣದ ಪ್ರಶ್ನೆಯಲ್ಲಿ. ಅದರಲ್ಲೂ 60:40 ಅಂತ ಕಂಡಲ್ಲೆಲ್ಲ "ಕೇಂದ್ರ 60, ರಾಜ್ಯ 40" ಎಂದು ಬರೆದುಬಿಡುವುದರಿಂದ.

ಕಾನೂನು

ಸಂವಿಧಾನದ 45ನೇ ವಿಧಿ (2002ರ 86ನೇ ತಿದ್ದುಪಡಿಯ ನಂತರದ್ದು): ಆರು ವರ್ಷ ತುಂಬುವ ತನಕ ಎಲ್ಲ ಮಕ್ಕಳ ಆರೈಕೆ, ಶಿಕ್ಷಣಕ್ಕೆ ಸರ್ಕಾರ "ಪ್ರಯತ್ನಿಸಬೇಕು". 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್: 3ರಿಂದ 6ರ ಮಕ್ಕಳಿಗೆ ಉಚಿತ ಶಾಲಾಪೂರ್ವ ಶಿಕ್ಷಣದ ವ್ಯವಸ್ಥೆ "ಮಾಡಬಹುದು". ಎರಡೂ ಕ್ರಿಯಾಪದಗಳಿಗೆ ಅಡಿಗೆರೆ ಎಳೆಯಿರಿ. ಅದೇ ಮಗುವಿನ ಊಟಕ್ಕೆ ಮಾತ್ರ 2013ರ ಆಹಾರ ಭದ್ರತಾ ಕಾಯ್ದೆಯ ಬಲ ಇದೆ. ಊಟ ಹಕ್ಕು, ಪಾಠ ಯೋಜನೆ. ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳಬಹುದಾದದ್ದು ಯಾವುದಕ್ಕೆ ಎಂದು ಬೇರೆ ಹೇಳಬೇಕಿಲ್ಲ.

ಮೊದಲ 60:40, ಕೇಂದ್ರ ಮತ್ತು ರಾಜ್ಯ

ಐಸಿಡಿಎಸ್ ಈಗ ಸೇರಿರುವ ಸಕ್ಷಮ ಅಂಗನವಾಡಿ ಮತ್ತು ಪೋಷಣ್ 2.0 ಯೋಜನೆಯಲ್ಲಿ ಕರ್ನಾಟಕದಂಥ ರಾಜ್ಯಕ್ಕೆ ಸಾಮಾನ್ಯ ಪಾಲು 60:40. ಪೂರಕ ಪೌಷ್ಟಿಕ ಆಹಾರಕ್ಕೆ 50:50. ಇಷ್ಟು ಎಲ್ಲರಿಗೂ ಗೊತ್ತು. ಎಡವುವುದು ಮುಂದಿನ ಹೆಜ್ಜೆಯಲ್ಲಿ: ಈ ಪಾಲು ಖರ್ಚಾದ ಪೂರ್ತಿ ಹಣಕ್ಕೆ ಅನ್ವಯಿಸುವುದಿಲ್ಲ. ಕೇಂದ್ರ ಗೊತ್ತುಮಾಡಿದ ದರಕ್ಕೆ ಮಾತ್ರ. ದರ ದಾಟಿದ ಪ್ರತಿ ರೂಪಾಯಿಯೂ ರಾಜ್ಯದ್ದು.

ಗೌರವಧನವನ್ನೇ ನೋಡಿ. 2018ರ ಅಕ್ಟೋಬರ್ 1ರಿಂದ ಕಾರ್ಯಕರ್ತೆಗೆ ಕೇಂದ್ರದ ದರ ತಿಂಗಳಿಗೆ 4,500 ರೂ. ಅದರ ಶೇ 60 ಅಂದರೆ 2,700 ಕೇಂದ್ರದ್ದು, 1,800 ರಾಜ್ಯದ್ದು. ಲೆಕ್ಕಕ್ಕೆಂದು ಕಾರ್ಯಕರ್ತೆಯ ಕೈಗೆ 12,000 ಬರುತ್ತದೆ ಎಂದಿಟ್ಟುಕೊಳ್ಳಿ. ಮೇಲಿನ 7,500 ಪೂರ್ತಿ ರಾಜ್ಯದ ಖಜಾನೆಯಿಂದ. ಆಗ ಕೇಂದ್ರದ ನಿಜವಾದ ಪಾಲು 12,000ದಲ್ಲಿ 2,700, ಶೇ 22.5. ಪುಸ್ತಕದಲ್ಲಿ 60, ಕೈಯಲ್ಲಿ ಇಪ್ಪತ್ತೆರಡೂವರೆ! "ಅನುಪಾತವೆಷ್ಟು" ಎಂದು ಕೇಳಿದರೆ 60:40 ಬರೆಯಿರಿ. "ಹೊರೆ ಯಾರಿಗೆ ಹೆಚ್ಚು" ಎಂದು ಕೇಳಿದರೆ ದರ ಹಾಕಿ, ಕಳೆದು, ಆಮೇಲೆ ಬರೆಯಿರಿ.

ಎರಡನೆಯ 60:40, ಕೂಲಿ ಮತ್ತು ಸಾಮಗ್ರಿ

2022ರ ಮಾರ್ಗಸೂಚಿಯ ಪ್ರಕಾರ ಒಂದು ಅಂಗನವಾಡಿ ಕಟ್ಟಡಕ್ಕೆ 12 ಲಕ್ಷ: ನರೇಗಾದಿಂದ (2005ರ ಕಾಯ್ದೆಯ ಗ್ರಾಮೀಣ ಉದ್ಯೋಗ ಖಾತ್ರಿ) 8, ಹದಿನೈದನೇ ಹಣಕಾಸು ಆಯೋಗದ ಅಥವಾ ಬೇರೆ ಅನಿರ್ಬಂಧಿತ (ಇಂಥದ್ದಕ್ಕೇ ಎಂದು ಕಟ್ಟುಹಾಕದ) ನಿಧಿಯಿಂದ 2, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಯೋಜನೆಯಿಂದ 2. ಕೊನೆಯ 2 ಲಕ್ಷಕ್ಕೆ ಮಾತ್ರ ಮೊದಲ 60:40 ಅನ್ವಯ, ಅಂದರೆ 1.2 ಮತ್ತು 0.8.

ನರೇಗಾದ 60:40 ಬೇರೆಯೇ ಜಾತಿ. 2005ರ ಕಾಯ್ದೆಯಡಿ ಕೂಲಿಗೆ ಕನಿಷ್ಠ 60, ಸಾಮಗ್ರಿಗೆ ಗರಿಷ್ಠ 40. ಅದೂ ಒಂದೊಂದು ಕಾಮಗಾರಿಗಲ್ಲ, ಒಟ್ಟು ಕಾಮಗಾರಿಗಳ ಮೇಲೆ. ಕಟ್ಟಡವೆಂದರೆ ಸಿಮೆಂಟು, ಕಂಬಿ, ಜಲ್ಲಿ, ಸಾಮಗ್ರಿಯದ್ದೇ ಭಾರ. ನರೇಗಾದ 8 ಲಕ್ಷದಲ್ಲಿ 6 ಸಾಮಗ್ರಿಗೆ, 2 ಕೂಲಿಗೆ ಹೋಯಿತು ಅನ್ನಿ. 6 ಲಕ್ಷ ಶೇ 40 ಆಗಬೇಕಾದರೆ ಒಟ್ಟು 15 ಲಕ್ಷದ ಕೆಲಸ ಇರಬೇಕು, ಅದರಲ್ಲಿ ಕೂಲಿ 9. ಎರಡು ಈಗಾಗಲೇ ಇದೆ, ಇನ್ನೂ 7 ಲಕ್ಷದ ಬರೀ ಕೂಲಿ ಕೆಲಸ ಬೇಕು: ಹೊಲದ ಬದು, ಕೃಷಿ ಹೊಂಡ, ಕೆರೆ ಹೂಳು. ಜಗಳೂರು, ಮೊಳಕಾಲ್ಮೂರಿನಂಥ ಬಯಲುಸೀಮೆಯ ಪಂಚಾಯಿತಿಯಲ್ಲಿ ಮಕ್ಕಳ ಕೋಣೆ ಏಳುವುದಕ್ಕೂ ಯಾರದೋ ಹೊಲದ ಬದುವಿಗೂ ನಂಟು ಇರುವುದು ಹೀಗೆ. ಕ್ರಿಯಾ ಯೋಜನೆಯಲ್ಲಿ ಇವೆರಡನ್ನೂ ಜೊತೆಗೆ ಹಾಕದಿದ್ದರೆ ಸಾಮಗ್ರಿ ಬಿಲ್ಲು ಸಿಕ್ಕಿಹಾಕಿಕೊಳ್ಳುತ್ತದೆ, ಗೋಡೆ ಲಿಂಟಲ್ ಮಟ್ಟದಲ್ಲೇ ನಿಲ್ಲುತ್ತದೆ.

(2005ರ ಕಾಯ್ದೆಯಡಿ ಅಕುಶಲ ಕೂಲಿ ಪೂರ್ತಿ ಕೇಂದ್ರದ್ದು, ಸಾಮಗ್ರಿ ಕೇಂದ್ರ 75, ರಾಜ್ಯ 25. ಇದನ್ನು ಮೇಲಿನದರ ಜೊತೆ ಬೆರೆಸಬೇಡಿ.)

ಮೂರನೆಯದು, ಗಣಿ ನಿಧಿ

ಚಿತ್ರದುರ್ಗ ಕಬ್ಬಿಣದ ಅದಿರಿನ ಜಿಲ್ಲೆ, ಹಾಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನವನ್ನು ಓದಲೇಬೇಕು. 2015ರ ಮಾರ್ಗಸೂಚಿಯಲ್ಲಿ ಕನಿಷ್ಠ ಶೇ 60 ಹೆಚ್ಚಿನ ಆದ್ಯತೆಯ ವಲಯಗಳಿಗೆ. 2024ರಲ್ಲಿ ಅದು 70 ಆಯಿತು. ಶಿಕ್ಷಣ, ಮಹಿಳೆ ಮತ್ತು ಮಕ್ಕಳ ಕಲ್ಯಾಣ ಇದರೊಳಗೇ ಬರುತ್ತವೆ. ಇಲ್ಲಿ ಕೇಂದ್ರ-ರಾಜ್ಯದ ಪಾಲಿನ ಮಾತೇ ಇಲ್ಲ, ಗಣಿ ಗುತ್ತಿಗೆದಾರರು ಕೊಟ್ಟ ಹಣ. ಆದರೆ ಗಣಿಬಾಧಿತ ಪ್ರದೇಶ ಬಿಟ್ಟು ಆಚೆ ಖರ್ಚು ಮಾಡುವಂತಿಲ್ಲ.

ಅಭ್ಯಾಸಕ್ಕೆ

ಪೂರಕ ಪೌಷ್ಟಿಕ ಆಹಾರ (50:50): 25 ಮಕ್ಕಳು, 300 ದಿನ, ಕೇಂದ್ರದ 2017ರ ದರ ಮಗುವಿಗೆ ದಿನಕ್ಕೆ 8 ರೂ. ಒಟ್ಟು 60,000, ಕೇಂದ್ರ, ರಾಜ್ಯ ತಲಾ 30,000. ಇನ್ನು ರಾಜ್ಯ 10 ರೂ. ಖರ್ಚು ಮಾಡಿದರೆ? ಒಟ್ಟು 75,000. ಅರ್ಧ ಮಾಡಿ 37,500 ಬರೆದರೆ ತಪ್ಪು. ಕೇಂದ್ರ 30,000ದಲ್ಲೇ ನಿಂತಿತು, ರಾಜ್ಯ 45,000.