ವೈಕಿಂಗ್ ಸೊಂಟದಲ್ಲೊಂದು ತಕ್ಕಡಿ

922ನೇ ಇಸವಿ, ವೋಲ್ಗಾ ನದಿ ದಡ. ಬಾಗ್ದಾದಿಂದ ರಾಯಭಾರಿ ತಂಡದ ಜೊತೆ ಬಂದಿದ್ದ ಇಬ್ನ್ ಫದ್ಲಾನ್ ಅಲ್ಲಿಗೆ ಬರೋ ರುಸ್ ಜನರನ್ನ, ಅಂದ್ರೆ ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಕಡೆಯ, ಕಡಲ ದಾಳಿಕೋರರು ಅಂತ್ಲೇ ಹೆಸರಾದ ವೈಕಿಂಗರಲ್ಲಿ ಪೂರ್ವದ ಕಡೆ ಹೋದವರನ್ನ, ನೋಡಿ ಬರೆದಿಟ್ಟಿದ್ದಾನೆ. ದೋಣಿ ದಡಕ್ಕೆ ಬಂದ ಕೂಡ್ಲೇ ಅವ್ರು ರೊಟ್ಟಿ, ಮಾಂಸ, ಈರುಳ್ಳಿ, ಹಾಲು ತಗೊಂಡು ಮುಖ ಕೆತ್ತಿರೋ ಮರದ ಕಂಬದ ಮುಂದೆ ಅಡ್ಡ ಬೀಳ್ತಾರಂತೆ. ಯುದ್ಧದಲ್ಲಿ ಗೆಲ್ಸಪ್ಪಾ ಅಂತಲ್ಲ! ಕೈತುಂಬಾ ದಿನಾರ್ ದಿರ್ಹಮ್ ಇರೋ, ಹೇಳಿದ ರೇಟಿಗೆ ಚೌಕಾಸಿ ಮಾಡ್ದೆ ತಗೊಳ್ಳೋ ಗಿರಾಕಿನ ಕಳ್ಸು ದೇವ್ರೇ ಅಂತ. ವ್ಯಾಪಾರ ಡಲ್ ಆದ್ರೆ ಇನ್ನೊಂದ್ಸಲ ಕಾಣಿಕೆ ತಗೊಂಡು ಹೋಗ್ತಾರೆ. ಅಂಗಡಿ ಬಾಗ್ಲು ತೆಗೆದು ಬೋಣಿಗೆ ಕಾಯೋರಿಗೆಲ್ಲ ಈ ಪ್ರಾರ್ಥನೆ ಅರ್ಥ ಆಗುತ್ತೆ.

ಸ್ವೀಡನ್ನಿನ ಬಿರ್ಕಾದಲ್ಲಿ ಸಮಾಧಿ ಅಗೆದಾಗ ಕತ್ತಿ ಜೊತೆ ಪುಟಾಣಿ ತಕ್ಕಡಿಗಳೂ ಸಿಕ್ಕಿವೆ, ತೂಕದ ಬಟ್ಟುಗಳೂ, ಹೆಂಗಸ್ರ ಸಮಾಧೀಲೂ. ತಕ್ಕಡಿ ಕೋಲು ಮಡಚುತ್ತೆ, ಹಂಗಾಗಿ ಸೊಂಟಕ್ಕೆ ಸಿಗಿಸ್ಕೊಂಡು ಊರೂರು ತಿರುಗಬಹುದು. ಯಾಕೆ ಬೇಕು ಅಂದ್ರೆ ಅವ್ರು ದುಡ್ಡನ್ನ ಎಣಿಸ್ತಾ ಇರ್ಲಿಲ್ಲ, ತೂಗ್ತಾ ಇದ್ರು, ಅರಬ್ ನಾಣ್ಯ ಇರ್ಲಿ ಮುರಿದ ಬಳೆ ಇರ್ಲಿ ಬೆಳ್ಳಿ ಅಂದ್ರೆ ಬೆಳ್ಳಿ, ಹೆಚ್ಚಾದ್ರೆ ನಾಣ್ಯನೇ ಅರ್ಧಕ್ಕೆ ಕತ್ತರಿಸಿ ಸರಿದೂಗ್ಸೋದು. ಒಳಗೂ ಬೆಳ್ಳಿನೇನಾ ಅಂತ ಚಾಕು ಮೊನೇಲಿ ಗೀರಿ ನೋಡಿರೋ ಗುರುತು ಇವತ್ತಿಗೂ ಆ ನಾಣ್ಯಗಳ ಮೇಲೆ ಇದೆ. ಗೋಟ್ಲಂಡ್ ದ್ವೀಪದ ಸ್ಪಿಲಿಂಗ್ಸ್‌ನಲ್ಲಿ 1999ರಲ್ಲಿ ಸಿಕ್ಕಿದ ನಿಧಿ ಒಂದೇ ಸುಮಾರು 67 ಕೆಜಿ ಬೆಳ್ಳಿ, 14,000ಕ್ಕೂ ಹೆಚ್ಚು ನಾಣ್ಯ, ಬಹುಪಾಲು ಅರಬ್ ನಾಡಿನವು.

ಬದಲಿಗೆ ಕೊಟ್ಟಿದ್ದು ತುಪ್ಪಳ, ಅಂಬರ್ (ಮರದ ಅಂಟು ಗಟ್ಟಿಯಾಗಿ ಕಲ್ಲಿನಂತಾಗಿದ್ದು), ಕತ್ತಿ, ಜೊತೆಗೆ ಮನುಷ್ಯರನ್ನೂ. ಇದನ್ನ ಮುಚ್ಚಿಡಬಾರದು, ದಾಳೀಲಿ ಹಿಡಿದವರನ್ನ ಸಂತೇಲಿ ಮಾರ್ತಿದ್ರು, ಆ ಪ್ರಾರ್ಥನೆ ಮಾಡಿದವ್ರ ದೋಣೀಲೂ ಮಾರಾಟಕ್ಕೆ ತಂದ ಹೆಣ್ಮಕ್ಕಳಿದ್ರು.

ಹಂಗಾದ್ರೆ ಮೊದಲು ಬಂದಿದ್ದು ಯಾವ್ದು, ಲೂಟಿನಾ ವ್ಯಾಪಾರನಾ? ವೈಕಿಂಗ್ ಯುಗ ಶುರುವಾಗೋದು ಇಂಗ್ಲೆಂಡಿನ ಲಿಂಡಿಸ್ಫಾರ್ನ್ ಮಠ ಲೂಟಿಯಾದ 793ರಿಂದ ಅಂತ ಸಾಮಾನ್ಯವಾಗಿ ಹೇಳ್ತಾರೆ. ಆದ್ರೆ ಡೆನ್ಮಾರ್ಕಿನ ರೀಬೆ ಪೇಟೇಲಿ ಅದಕ್ಕೂ ಹಳೇ ಮಣ್ಣಿನ ಪದರದಲ್ಲಿ ಬಾಚಣಿಗೆ ಮಾಡೋರು ಬಿಸಾಕಿದ ಕೊಂಬಿನ ಚೂರುಗಳು ಸಿಕ್ಕಿವೆ. ಚೂರು ನೋಡಿ ಯಾವ ಪ್ರಾಣಿ ಅಂತ ಹೇಳೋದು ಕಷ್ಟ, ಆದ್ರೆ ಕೊಂಬಿನೊಳಗಿರೋ ಕೊಲಾಜನ್ ಪ್ರೋಟೀನು ಪ್ರಾಣಿಯಿಂದ ಪ್ರಾಣಿಗೆ ಸ್ವಲ್ಪ ಸ್ವಲ್ಪ ಬೇರೆ ಇರುತ್ತೆ, ಅದನ್ನ ಟೆಸ್ಟ್ ಮಾಡಿದಾಗ ಕೆಲವು ಹಿಮಸಾರಂಗದ್ದು ಅಂತ ಗೊತ್ತಾಯ್ತು. ಡೆನ್ಮಾರ್ಕಲ್ಲಿ ಆಗ ಹಿಮಸಾರಂಗ ಇರ್ಲಿಲ್ಲ. ನಾರ್ವೆ ಕಡೆಯಿಂದ ಯಾರೋ ಹಡಗಲ್ಲಿ ಹೊತ್ಕೊಂಡು ಬಂದಿರಬೇಕು. ಹಂಗಾಗಿ ನನ್ನ ಪ್ರಕಾರ ವ್ಯಾಪಾರನೇ ಮೊದಲು: ಯಾವ ಗಾಳಿಗೆ ಹೊರಡ್ಬೇಕು, ಯಾವ ಬಂದರಲ್ಲಿ ಏನಿದೆ ಅನ್ನೋದನ್ನೆಲ್ಲ ಈ ಕೊಂಬಿನ ಮೂಟೆ ಹೊತ್ತ ದೋಣಿಗಳು ಲಿಂಡಿಸ್ಫಾರ್ನ್‌ಗೂ ಮುಂಚೆನೇ ಕಲ್ತುಬಿಟ್ಟಿದ್ವು.