ಹೊಟ್ಟೆ ಒಳಗೆಳೆಯಬೇಕಾ, ಬಿಗಿ ಹಿಡಿಯಬೇಕಾ? ಕೋರ್ ಮತ್ತು ಬೆನ್ನುನೋವಿನ ಬಗ್ಗೆ ನನ್ನ ಟಿಪ್ಪಣಿ

ಮುಂದಿನ ವಾರ ಪ್ರಾಕ್ಟಿಕಲ್ ಇದೆ. ಎಕ್ಸರ್‌ಸೈಸ್ ಥೆರಪಿಯ ಈ ಒಂದು ಪಾಠ ತಲೆಗೆ ಹತ್ತಲು ನನಗೆ ಹದಿನೈದು ದಿನ ಹಿಡಿಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಸ್ನಾಯುಗಳ ಒರಿಜಿನ್, ಇನ್‌ಸರ್ಷನ್ (ಸ್ನಾಯು ಮೂಳೆಗೆ ಅಂಟುವ ಎರಡು ತುದಿಗಳು) ಎಲ್ಲ ಇಲ್ಲಿ ಬರೆಯುವುದಿಲ್ಲ, ಅದು ಫಸ್ಟ್ ಇಯರ್‌ನಲ್ಲೇ ಬಾಯಿಪಾಠ ಆಗಿದೆ, ಅಲ್ವಾ? ನಾನು ಎಲ್ಲಿ ಎಡವಿದೆನೋ ಅದರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ. ಫಿಸಿಯೋ ಓದದೆ, ಸುಮ್ನೆ ಸೊಂಟ ಹಿಡಿದುಕೊಂಡೀತು ಅಂತ ಹೆದರಿ ಓದುತ್ತಿರುವವರಿಗೂ ಅರ್ಥವಾಗಬೇಕು ಅನ್ನೋದು ಆಸೆ.

ಕೋರ್ ಅಂದರೆ ಯಾವುದು

ಇದನ್ನು ಬೇಗ ಮುಗಿಸುತ್ತೇನೆ. ಎದೆಗೂಡಿನ ಕೆಳಗೆ ಒಂದು ಡಬ್ಬ ಇದೆ ಅಂದುಕೊಳ್ಳಿ. ಮುಚ್ಚಳ ಉಸಿರಾಟದ ಸ್ನಾಯು, ಡಯಾಫ್ರಾಮ್. ತಳ ಪೆಲ್ವಿಕ್ ಫ್ಲೋರ್, ಅಂದರೆ ಕಿಬ್ಬೊಟ್ಟೆಯ ಬುಡದ ಸ್ನಾಯುಗಳು. ಸುತ್ತ ಪಟ್ಟಿಯ ಹಾಗೆ ಹೊಟ್ಟೆಯ ತೀರಾ ಒಳಗಿನ ಸ್ನಾಯು ಟ್ರಾನ್ಸ್‌ವರ್ಸಸ್ ಅಬ್ಡೊಮಿನಿಸ್, ಅದರ ಮೇಲೆ ಎರಡು ಪದರ ಓರೆ ಸ್ನಾಯು, ಆಬ್ಲಿಕ್. ಹಿಂದೆ, ಬೆನ್ನುಮೂಳೆಗೆ ಅಂಟಿಕೊಂಡೇ ಇರುವ ಸ್ನಾಯು ಮಲ್ಟಿಫಿಡಸ್. ಜಿಮ್ ಹುಡುಗರು ಕನ್ನಡಿ ಮುಂದೆ ನೋಡಿಕೊಳ್ಳುವ ಸಿಕ್ಸ್ ಪ್ಯಾಕ್, ಅಂದರೆ ರೆಕ್ಟಸ್, ಈ ಡಬ್ಬದ ಮುಂದಿನ ಗೋಡೆ ಮಾತ್ರ.

ಈ ಡಬ್ಬ ಯಾಕೆ ಬೇಕು ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಅಂಕಿ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಮನೋಹರ್ ಪಂಜಾಬಿ ಮತ್ತು ಜೊತೆಗಾರರು, ಸ್ನಾಯು ಎಲ್ಲ ತೆಗೆದು ಬರೀ ಮೂಳೆ ಮತ್ತು ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟುವ ಪಟ್ಟಿ) ಉಳಿಸಿದ ಸೊಂಟದ ಬೆನ್ನುಮೂಳೆಯ ಮೇಲೆ ಭಾರ ಹಾಕಿ ನೋಡಿದರು. ಸುಮಾರು 90 ನ್ಯೂಟನ್‌ಗೇ ಅದು ಬಾಗಿ ಕುಸಿಯಿತು. 90 ನ್ಯೂಟನ್ ಅಂದರೆ ಹತ್ತಿರ ಹತ್ತಿರ 9 ಕೆಜಿ. ಹತ್ತು ಕೆಜಿ ಅಕ್ಕಿ ಚೀಲವನ್ನೂ ಅದು ತಡೆಯಲ್ಲ! ಸುಮ್ಮನೆ ನಿಂತಾಗ ನಮ್ಮ ತಲೆ, ತೋಳು, ಎದೆಯ ಭಾರವೇ ಅದರ ಮೂರು ಪಟ್ಟು ದಾಟುತ್ತದೆ. ಉಳಿದದ್ದನ್ನೆಲ್ಲ ಹೊರುವ ಹಾಗೆ ಮಾಡುವುದು ಸ್ನಾಯುಗಳು, ಮತ್ತು ಅವುಗಳಿಗೆ ಹೊತ್ತಿಗೆ ಸರಿಯಾಗಿ ಆಜ್ಞೆ ಕೊಡುವ ನರಗಳು. ಪಂಜಾಬಿ 1992ರಲ್ಲಿ ಬರೆದ ಮೂರು ವ್ಯವಸ್ಥೆಗಳ ಲೆಕ್ಕ ಇದೇ: ಮೂಳೆ-ಲಿಗಮೆಂಟ್, ಸ್ನಾಯು, ನರ. ಪರೀಕ್ಷೆಯಲ್ಲಿ ಕೇಳೇ ಕೇಳುತ್ತಾರೆ.

ನಾನು ಎಡವಿದ್ದು ಇಲ್ಲಿ

ಒಂದು ಪುಸ್ತಕದಲ್ಲಿ ‘ಹೊಕ್ಕುಳನ್ನು ಬೆನ್ನಿನ ಕಡೆಗೆ ಎಳೆಯಿರಿ’ ಅಂತ ಇದೆ. ಇದು ಹಾಲೋಯಿಂಗ್. ಇನ್ನೊಂದರಲ್ಲಿ ‘ಹೊಟ್ಟೆ ಬಿಗಿ ಹಿಡಿಯಿರಿ’ ಅಂತ ಇದೆ. ಇದು ಬ್ರೇಸಿಂಗ್. ಎರಡೂ ಒಂದೇ ಅಂದುಕೊಂಡು ನಾನು ಎರಡು ವಾರ ಆರಾಮಾಗಿದ್ದೆ. ಆಮೇಲೆ ಕ್ಲಾಸಿನಲ್ಲಿ ಮೇಡಂ ಕೇಳಿದರು, ‘ಪೇಷಂಟ್ ಗ್ಯಾಸ್ ಸಿಲಿಂಡರ್ ಎತ್ತಬೇಕು, ಹೊಟ್ಟೆಗೆ ಏನು ಮಾಡಬೇಕು ಅಂತ ಹೇಳ್ತೀಯ?’ ನಾನು ‘ಒಳಗೆಳೆದುಕೊಳ್ಳಿ ಅಂತೀನಿ ಮೇಡಂ’ ಅಂದೆ. ‘ಬಾ ಇಲ್ಲಿ’ ಅಂದರು.

ಕಾಲು ಅಗಲಿಸಿ ನಿಲ್ಲಿಸಿದರು. ಹೊಟ್ಟೆ ಒಳಗೆಳೆದುಕೊಂಡೆ. ಭುಜಕ್ಕೆ ಪಕ್ಕದಿಂದ ಒಂದು ತಳ್ಳು ಕೊಟ್ಟರು. ಜೋರೇನಲ್ಲ, ಆದರೂ ಸೊಂಟದ ಹತ್ತಿರ ಬಳುಕಿಬಿಟ್ಟೆ. ‘ಈಗ ಕೆಮ್ಮಪ್ಪ’ ಅಂದರು. ಕೆಮ್ಮಿದೆ. ‘ಕೆಮ್ಮಿದಾಗ ಹೊಟ್ಟೆ ಹೇಗಿತ್ತೋ ಹಾಗೇ ಹಿಡ್ಕೊ.’ ಹಿಡಿದೆ. ಅದೇ ತಳ್ಳು. ಈ ಸಲ ಮೈ ಇಡೀ ಒಂದೇ ತುಂಡಿನ ಹಾಗೆ ಅಲುಗಿತು, ಸೊಂಟ ಬಳುಕಲಿಲ್ಲ. ಕ್ಲಾಸೆಲ್ಲ ನಕ್ಕಿತು, ನನಗೆ ಮಾತ್ರ ಆ ಕೆಮ್ಮಿನಲ್ಲಿ ಪಾಠ ಸಿಕ್ಕಿತು.

ನೀವೂ ಈಗಲೇ ಮಾಡಿ ನೋಡಿ. ಪಕ್ಕೆಲುಬು ಮುಗಿದು ಸೊಂಟದ ಮೂಳೆ ಶುರುವಾಗುವ ಮೆತ್ತನೆ ಜಾಗ ಇದೆಯಲ್ಲ, ಎರಡೂ ಪಕ್ಕ ಅಲ್ಲಿ ಬೆರಳು ಒತ್ತಿ ಹಿಡಿಯಿರಿ. ಹೊಟ್ಟೆ ಒಳಗೆಳೆಯಿರಿ. ಬೆರಳಿನ ಅಡಿ ಸೊರಗಿದ ಹಾಗಾಗುತ್ತದೆ. ಬಿಡಿ. ಈಗ ಕೆಮ್ಮಿ. ಬೆರಳನ್ನು ಯಾರೋ ಒಳಗಿನಿಂದ ಹೊರಗೆ ತಳ್ಳಿದ ಹಾಗಾಗುತ್ತದೆ. ಅದೇ ಬ್ರೇಸಿಂಗ್. ಹೊಟ್ಟೆ ಒಳಗೂ ಹೋಗಬಾರದು, ಬೇಕಂತ ಉಬ್ಬಿಸಲೂಬಾರದು. ಇದ್ದಲ್ಲೇ ಸುತ್ತಲೂ ಗಟ್ಟಿಯಾಗಬೇಕು.

ಯಾಕೆ ಹೀಗೆ? ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿದ್ದ ಸ್ಟುವರ್ಟ್ ಮೆಕ್‌ಗಿಲ್ ವಾದವನ್ನು ನಾನು ಮದುವೆ ಪೆಂಡಾಲಿಗೆ ಇಳಿಸಿಕೊಂಡಿದ್ದೇನೆ. ನಡುವಿನ ಕಂಬಕ್ಕೆ ನಾಲ್ಕೂ ಕಡೆ ಹಗ್ಗ ಕಟ್ಟಿ, ದೂರದಲ್ಲಿ ಗೂಟ ಹೊಡೆಯುತ್ತಾರೆ. ಗೂಟ ಕಂಬದಿಂದ ದೂರ ಇದ್ದಷ್ಟೂ ಕಂಬ ಭದ್ರ. ಜಾಗ ಸಾಲದು ಅಂತ ಗೂಟಗಳನ್ನು ಕಂಬದ ಬುಡಕ್ಕೇ ತಂದು ಹೊಡೆದರೆ, ಹಗ್ಗ ಎಷ್ಟು ಬಿಗಿದರೂ ಗಾಳಿಗೆ ಕಂಬ ಓಲಾಡುತ್ತದೆ. ಹೊಟ್ಟೆ ಒಳಗೆಳೆಯುವುದು ಅಂದರೆ ಗೂಟ ಹತ್ತಿರ ತಂದ ಹಾಗೆ. ಇನ್ನೊಂದು ಮಾತು: ಒಂದೇ ಹಗ್ಗ ಜಾಸ್ತಿ ಬಿಗಿದರೆ ಕಂಬ ಆ ಕಡೆ ವಾಲುತ್ತದೆ. ಅದಕ್ಕೇ ರೆಕ್ಟಸ್ ಒಂದನ್ನೇ ಗಟ್ಟಿ ಮಾಡಿದರೆ ಬೆನ್ನಿಗೆ ಲಾಭವಿಲ್ಲ.

ಹಾಗಾದರೆ ಹಾಲೋಯಿಂಗ್ ಎಲ್ಲಿಂದ ಬಂತು? ಅದೂ ದಡ್ಡತನದಿಂದ ಬಂದದ್ದಲ್ಲ. 1996ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಹಾಡ್ಜಸ್ ಮತ್ತು ರಿಚರ್ಡ್‌ಸನ್ ಒಂದು ಚಂದದ ಪ್ರಯೋಗ ಮಾಡಿದರು. ಜನರಿಗೆ ಥಟ್ಟನೆ ಕೈ ಎತ್ತಲು ಹೇಳಿದರು. ಬೆನ್ನುನೋವು ಇಲ್ಲದವರಲ್ಲಿ ಭುಜದ ಸ್ನಾಯುವಿಗಿಂತ ಮೊದಲೇ ಟ್ರಾನ್ಸ್‌ವರ್ಸಸ್ ಎದ್ದು ಕೂತಿತ್ತು. ಕೈ ಎತ್ತುವ ಮುಂಚೆಯೇ ಹೊಟ್ಟೆ ಸಿದ್ಧ! ಬೆನ್ನುನೋವು ಇದ್ದವರಲ್ಲಿ ಅದು ತಡವಾಗಿ ಬರುತ್ತಿತ್ತು. ಆ ತಡವಾಗುವ ಸ್ನಾಯುವನ್ನೇ ಹುಡುಕಿ ಎಬ್ಬಿಸೋಣ ಅಂತ ಹೊಟ್ಟೆ ಒಳಗೆಳೆಯುವ ಅಭ್ಯಾಸ ಶುರುವಾಯಿತು. ಈಗ ನಾನು ಇಟ್ಟುಕೊಂಡಿರುವ ಲೆಕ್ಕ ಇಷ್ಟು: ಮಲಗಿಕೊಂಡು, ಭಾರವಿಲ್ಲದಾಗ, ಸ್ನಾಯುವಿನ ಗುರುತು ಹಿಡಿಯಲು ಹಾಲೋಯಿಂಗ್. ಸಿಲಿಂಡರ್, ಬಕೆಟ್, ಮಗು ಎತ್ತಲು ಬ್ರೇಸಿಂಗ್.

ಎಷ್ಟು ಬಿಗಿ? ಮಗ್ಗಿ ಹೇಳಿ ನೋಡಿ

ಬ್ರೇಸಿಂಗ್ ಗೊತ್ತಾದ ಮೇಲೆ ನಾನು ಮಾಡಿದ ತಪ್ಪು, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಬಿಗಿದದ್ದು. ಮುಖ ಕೆಂಪಾಯಿತು, ಉಸಿರು ನಿಂತಿತು. ನಡೆಯುವ, ಏಳುವ, ಬಟ್ಟೆ ಒಣಗಿಸುವಂಥ ಕೆಲಸಕ್ಕೆ ಪೂರ್ತಿ ಶಕ್ತಿಯಲ್ಲಿ ಹತ್ತರಲ್ಲೊಂದು ಭಾಗ ಸಾಕು. ಭಾರ ಜಾಸ್ತಿಯಾದ ಹಾಗೆ ಬಿಗಿ ಜಾಸ್ತಿ. ಹಗುರ ಕೆಲಸಕ್ಕೂ ಪೂರ್ತಿ ಬಿಗಿದರೆ ಆ ಒತ್ತಡ ಬೆನ್ನುಮೂಳೆಯ ಮೇಲೇ ಬೀಳುತ್ತದೆ.

ಹತ್ತರಲ್ಲೊಂದು ಅಂತ ಹೇಗೆ ಅಳೆಯುವುದು? ನನ್ನ ಉಪಾಯ ಏಳರ ಮಗ್ಗಿ. ಹೊಟ್ಟೆ ಬಿಗಿ ಹಿಡಿದು ಗಟ್ಟಿಯಾಗಿ ಹೇಳಿ: ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು, ಏಳ್ಮೂರ್ಲ ಇಪ್ಪತ್ತೊಂದು… ದನಿ ಎಂದಿನಂತೆ ಬಂದರೆ ಸರಿ ಇದೆ. ಯಾರೋ ಕತ್ತು ಹಿಸುಕಿದ ಹಾಗೆ ಬಂದರೆ ಬಿಗಿ ಜಾಸ್ತಿಯಾಗಿದೆ, ಡಬ್ಬದ ಮುಚ್ಚಳವಾದ ಡಯಾಫ್ರಾಮ್ ಕೂಡ ಸಿಕ್ಕಿಹಾಕಿಕೊಂಡಿದೆ. ಮಗ್ಗಿ ಹೇಳುತ್ತಾ ಹೊಟ್ಟೆ ಸಡಿಲ ಬಿಟ್ಟರೆ ಇನ್ನೂ ಅಭ್ಯಾಸ ಬೇಕು ಅಂತ ಅರ್ಥ. ನನಗೆ ಮೊದಮೊದಲು ಏಳ್ಮೂರ್ಲ ಬರುವಷ್ಟರಲ್ಲಿ ಹೊಟ್ಟೆ ಬಿಟ್ಟುಹೋಗುತ್ತಿತ್ತು. ನನ್ನ ವೇಗಕ್ಕೆ ಏಳೇಳ್ಲ ನಲವತ್ತೊಂಬತ್ತಿಗೆ ಸರಿಯಾಗಿ ಹತ್ತು ಸೆಕೆಂಡ್ ಆಗುತ್ತದೆ, ಗಡಿಯಾರ ನೋಡುವ ಕೆಲಸವೂ ಉಳಿಯಿತು.

ಮೂರು ವ್ಯಾಯಾಮ

ಮೆಕ್‌ಗಿಲ್ ಆರಿಸಿದ ಮೂರು ಇವು: ಕರ್ಲ್-ಅಪ್, ಸೈಡ್ ಬ್ರಿಡ್ಜ್, ಬರ್ಡ್ ಡಾಗ್. ಮೂರರಲ್ಲೂ ಬೆನ್ನು ಅಲುಗುವುದಿಲ್ಲ, ಅಲುಗದ ಹಾಗೆ ತಡೆಯುವುದೇ ಕೆಲಸ. ಶಾಲೆಯ ಪಿಟಿಯಲ್ಲಿ ಮಾಡಿಸುತ್ತಿದ್ದ ಸಿಟ್-ಅಪ್ ಇದರಲ್ಲಿ ಇಲ್ಲ. ಒಂದೊಂದು ಸಿಟ್-ಅಪ್‌ಗೂ ಸೊಂಟದ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಮೇಲೆ 3000 ನ್ಯೂಟನ್‌ಗೂ ಜಾಸ್ತಿ ಒತ್ತಡ ಬೀಳುತ್ತದೆ, ಅದೂ ಬೆನ್ನು ಬಾಗಿರುವಾಗ. ಕಾರ್ಮಿಕರು ಭಾರ ಎತ್ತುವುದಕ್ಕೆ ಅಮೆರಿಕದ ನಿಯೋಶ್ ಸಂಸ್ಥೆ ಇಟ್ಟ ಮಿತಿ ಸುಮಾರು 3400.

ಕರ್ಲ್-ಅಪ್: ಅಂಗಾತ ಮಲಗಿ, ಒಂದು ಮಂಡಿ ಮಡಚಿ, ಎರಡೂ ಅಂಗೈ ಸೊಂಟದ ಕಮಾನಿನ ಕೆಳಗೆ. ತಲೆ, ಭುಜ ನೆಲ ಬಿಟ್ಟರೆ ಸಾಕು. ಕಮಾನು ನೆಲಕ್ಕೆ ಒತ್ತಬಾರದು, ಕೈ ಇಟ್ಟಿರುವುದೇ ಅದಕ್ಕೆ.

ಸೈಡ್ ಬ್ರಿಡ್ಜ್: ಮೊಣಕೈ ಮೇಲೆ ಪಕ್ಕಕ್ಕೆ ಒರಗಿ ಸೊಂಟ ಎತ್ತುವುದು. ಹೊಸಬರು ಪಾದದ ಬದಲು ಮಂಡಿ ಊರಿ. ಒಂದೇ ಕೈಯಲ್ಲಿ ತುಂಬಿದ ಬಕೆಟ್ ಹಿಡಿದು ನಡೆದಾಗ ಎದುರು ಪಕ್ಕ ಬಿಗಿಯುತ್ತದಲ್ಲ, ಅದೇ ಸ್ನಾಯುಗಳು.

ಬರ್ಡ್ ಡಾಗ್ ನೋಡಲು ಸುಲಭ. ಅಂಬೆಗಾಲಿನಲ್ಲಿ ನಿಂತು ಎದುರುಬದುರಿನ ಕೈ, ಕಾಲು ಚಾಚುವುದು, ಅಷ್ಟೇ. ನಾನು ಚೆನ್ನಾಗಿ ಮಾಡುತ್ತೇನೆ ಅಂದುಕೊಂಡಿದ್ದೆ. ರೂಮ್‌ಮೇಟ್ ಒಂದು ದಿನ ನನ್ನ ಸೊಂಟದ ಮೇಲೆ ಅರ್ಧ ಲೋಟ ನೀರು ಇಟ್ಟ. ಸ್ಟೀಲ್ ಲೋಟ. ಕಾಲು ಎತ್ತಿದ್ದೇ ತಡ ಲೋಟ ಉರುಳಿ, ಟೀ ಶರ್ಟ್ ಒದ್ದೆ. ಕಾಲು ಮೇಲೆತ್ತುವ ಹುರುಪಿನಲ್ಲಿ ನಾನು ಸೊಂಟದ ಆ ಪಕ್ಕವನ್ನೂ ಎತ್ತಿ ಮೈ ತಿರುಚುತ್ತಿದ್ದೆ. ‘ಮೇಲೆ’ ಅಂತ ಯೋಚಿಸಲೇಬೇಡಿ. ಹಿಂದಿನ ಗೋಡೆಯನ್ನು ಹಿಮ್ಮಡಿಯಿಂದ ತಳ್ಳುತ್ತಿದ್ದೇನೆ ಅಂದುಕೊಳ್ಳಿ. ಕಾಲು ಸೊಂಟದ ಮಟ್ಟ ದಾಟಬಾರದು. ಕಾಲು ಚಾಚುವ ಮೊದಲೇ ಕೆಮ್ಮಿನ ಬಿಗಿ ಬಂದಿರಬೇಕು, ಆಮೇಲಲ್ಲ. ಹಾಡ್ಜಸ್ ಪ್ರಯೋಗದ ಕಥೆಯೇ ಇದು.

ಲೆಕ್ಕ: ಒಂದು ಸಲಕ್ಕೆ 8ರಿಂದ 10 ಸೆಕೆಂಡ್ ಮಾತ್ರ. ಮೊದಲ ಸುತ್ತಿಗೆ 6 ಸಲ, ಮುಂದಿನದಕ್ಕೆ 4, ಕೊನೆಗೆ 2. ಸುಸ್ತಾದ ಹಾಗೆ ಕಡಿಮೆ ಮಾಡುತ್ತಾ ಹೋದರೆ ಭಂಗಿ ಕೆಡುವುದಿಲ್ಲ. ಬೆನ್ನಿಗೆ ಬೇಕಾದದ್ದು ದಿನವಿಡೀ ದಣಿಯದ ತಾಳಿಕೆ, ಒಂದೇ ಏಟಿನ ಶಕ್ತಿಯಲ್ಲ. 1984ರಲ್ಲಿ ಡೆನ್ಮಾರ್ಕ್‌ನ ಬೀರಿಂಗ್-ಸೋರೆನ್‌ಸನ್ ಅಧ್ಯಯನದಲ್ಲಿ ಬೆನ್ನಿನ ಸ್ನಾಯುಗಳಿಗೆ ತಾಳಿಕೆ ಕಡಿಮೆಯಿದ್ದ ಗಂಡಸರಿಗೆ ಮುಂದಿನ ಒಂದು ವರ್ಷದಲ್ಲಿ ಮೊದಲ ಸಲ ಬೆನ್ನುನೋವು ಬರುವ ಸಂಭವ ಜಾಸ್ತಿ ಇತ್ತು. ಆ ತಾಳಿಕೆ ಅಳೆಯುವುದನ್ನೇ ಸೋರೆನ್‌ಸನ್ ಟೆಸ್ಟ್ ಅನ್ನುವುದು: ಬೋರಲು ಮಲಗಿ, ಸೊಂಟದ ಮೇಲಿನ ಮೈಯನ್ನು ಮೇಜಿನಾಚೆ ಗಾಳಿಯಲ್ಲಿ ನೇರ ಹಿಡಿಯಬೇಕು, ಗರಿಷ್ಠ 240 ಸೆಕೆಂಡ್.

ಬೆಳಗಿನ ರಂಗೋಲಿ

ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ನಾವು ಒಂದೂವರೆ ಸೆಂಟಿಮೀಟರ್‌ನಷ್ಟು ಎತ್ತರ. ಈ ಎತ್ತರದ ಅರ್ಧದಷ್ಟು ಎದ್ದ ಮೊದಲ ಗಂಟೆಯಲ್ಲೇ ಇಳಿದುಹೋಗುತ್ತದೆ. ಉಬ್ಬಿದ ಡಿಸ್ಕ್ ಬಾಗಿದಾಗ ಅದರ ಮೇಲೆ ಎಳೆತ ಜಾಸ್ತಿ. 1998ರ ಸ್ನೂಕ್ ಅಧ್ಯಯನದಲ್ಲಿ, ಬೆಳಿಗ್ಗೆ ಹೊತ್ತು ಬಾಗುವುದನ್ನು ತಪ್ಪಿಸಿದವರಿಗೆ ಹಳೆಯ ಬೆನ್ನುನೋವು ಕಡಿಮೆಯಾಯಿತು.

ಇದನ್ನು ಅಮ್ಮನಿಗೆ ಹೇಳಿದೆ. ಅವರು ಹಾಸಿಗೆಯಿಂದ ಎದ್ದವರೇ ಬಾಗಿಲು ಗುಡಿಸಿ, ನೀರು ಹಾಕಿ, ಸೊಂಟ ಬಗ್ಗಿಸಿ ರಂಗೋಲಿ ಬಿಡುತ್ತಾರೆ. ‘ನಿನ್ನ ಪುಸ್ತಕ ಬರೆದೋರ ಮನೆ ಮುಂದೆ ರಂಗೋಲಿ ಹಾಕ್ತಿದ್ರೇನೋ? ಬಿಸಿಲು ಬಂದ್ಮೇಲೆ ಹಾಕ್ಲಾ?’ ಅಂದರು. ಕುಕ್ಕರಗಾಲಲ್ಲಿ ಕೂತು ಹಾಕಮ್ಮ ಅನ್ನಲು ಹೋದೆ, ಆದರೆ ಪೂರ್ತಿ ಕುಕ್ಕರಗಾಲಿನಲ್ಲೂ ಸೊಂಟ ಗುಂಡಗೆ ಬಾಗುತ್ತದೆ. ಕೊನೆಗೆ ರಾಜಿ ಆದದ್ದು ಹೀಗೆ: ಮೊದಲು ಕಾಫಿ, ನೀರು ತುಂಬಿಸುವುದು, ಹಾಲು ತರುವುದು. ರಂಗೋಲಿ ಕೊನೆಗೆ, ಒಂದು ಮಂಡಿ ಊರಿ.

ಕೋರ್ ಒಂದರಿಂದಲೇ ಎಲ್ಲ ಆಗಲ್ಲ

ಇದನ್ನು ಬರೆಯದಿದ್ದರೆ ಮೋಸ ಮಾಡಿದ ಹಾಗೆ. ಜೂಲಿ ಹೈಡ್ಸ್ ತಂಡದ 2001ರ ವರದಿ ಕೋರ್ ಪರ ಇದೆ: ಮೊದಲ ಸಲ ಬೆನ್ನುನೋವು ಬಂದವರಲ್ಲಿ ಮಲ್ಟಿಫಿಡಸ್ ವ್ಯಾಯಾಮ ಮಾಡಿದವರಿಗೆ ಒಂದು ವರ್ಷದೊಳಗೆ ಮತ್ತೆ ನೋವು ಬಂದದ್ದು 30%, ಮಾಡದವರಿಗೆ 84%. ಆದರೆ ಅದರಲ್ಲಿದ್ದವರು 39 ಜನ ಮಾತ್ರ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2016ರ ಕಾಕ್ರೇನ್ ವಿಮರ್ಶೆ, ಹಳೆಯ ಬೆನ್ನುನೋವಿಗೆ ಇಂಥ ಮೋಟಾರ್ ಕಂಟ್ರೋಲ್ (ಸ್ನಾಯುವಿನ ಹಿಡಿತ ಕಲಿಸುವ) ವ್ಯಾಯಾಮ ಬೇರೆ ವ್ಯಾಯಾಮಕ್ಕಿಂತ ಮೇಲೇನಲ್ಲ ಅಂದಿತು. ಅದೇ ವರ್ಷದ ಇನ್ನೊಂದು ವಿಮರ್ಶೆಯಲ್ಲಿ ವ್ಯಾಯಾಮ ಮತ್ತು ತಿಳಿವಳಿಕೆ ಎರಡೂ ಸೇರಿದಾಗ ನೋವು ಬರುವ ಸಂಭವ ಸುಮಾರು 45% ಇಳಿದಿತ್ತು. ಸೊಂಟಕ್ಕೆ ಕಟ್ಟುವ ಬೆಲ್ಟ್‌ನಿಂದ ಇಳಿದಿರಲಿಲ್ಲ. ನಡಿಗೆಯನ್ನು ಬಿಟ್ಟು ಬರೀ ಬರ್ಡ್ ಡಾಗ್ ಮಾಡುತ್ತಾ ಕೂರಬೇಡಿ.

ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಜೋಮು ಹಿಡಿದರೆ, ಕಾಲಿನ ಬಲ ಕುಂದಿದರೆ, ಬಿದ್ದ ಮೇಲೆ ಅಥವಾ ಜ್ವರದ ಜೊತೆ ನೋವು ಬಂದರೆ ವ್ಯಾಯಾಮದ ಮಾತೇ ಬೇಡ. ತಕ್ಷಣ ಡಾಕ್ಟರ್ ಹತ್ತಿರ ಹೋಗಿ.

ಇವತ್ತು ಬೆಳಿಗ್ಗೆ ಮತ್ತೆ ಲೋಟ ಇಡಿಸಿಕೊಂಡೆ. ಎಡಗಾಲು ಚಾಚಿದಾಗ ಏಳೇಳ್ಲವರೆಗೂ ನಿಂತಿತು. ಬಲಗಾಲಿಗೆ ಏಳ್ನಾಲ್ಕ್ಲಕ್ಕೇ ಚೆಲ್ಲಿತು.